ಸಿಮೋನನ ಕಣ್ಣು

ಕಿನ್ನಾಳದ ಯಂಕೋಬಪ್ಪ ಚಿತ್ರಗಾರರ ಪಡಸಾಲೆಯಲ್ಲಿ ಇಬ್ಬರು ಸಂತರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರೇನೂ ತಪ್ಪು ಮಾಡಿರಲಿಲ್ಲ. ಕಣ್ಣು ಬರೆಯದ ಮೂರ್ತಿ ಮನೆಮಂದಿಗೆ ಮುಖ ತೋರಿಸಬಾರದು ಎನ್ನುವುದು ಆ ಮನೆಯ ಪದ್ಧತಿ. ಗರುಡ ಬರಲಿ, ದುರ್ಗಮ್ಮ ಬರಲಿ, ಈಗ ಗಂಗಾವತಿ ಕಡೆ ಕಾಲುವೆ ನೀರಿಗೆ ವಲಸೆ ಬಂದು ನೆಲೆಸಿದ ಕ್ಯಾಂಪಿನ ಕ್ರೈಸ್ತರಿಗೆಂದು ಮಾಡಿದ ಸಂತ ಸಿಮೋನ, ಸಂತ ಯೂದ ಬರಲಿ, ಎಲ್ಲರಿಗೂ ಒಂದೇ ಕಾನೂನು.

ಆ ಮನೆಯ ಸೊಸೆ ಶೈಲಜಾಗೆ ಅವರಿಬ್ಬರ ಬೆನ್ನು ಬಾಯಿಪಾಠವಾಗಿ ಹೋಗಿತ್ತು. ಆಗದೆ ಏನು? ಹುಣಸೆ ಬೀಜ ಅರೆದು ಅಂಟು ಕಾಯಿಸಿದವಳು ಅವಳು. ಕಟ್ಟಿಗೆಯ ಸಂದುಗಳಿಗೆ ಅರಿವೆ ಅಂಟಿಸಿ, ಉಜ್ಜಿ ಉಜ್ಜಿ ನಯ ಮಾಡಿದವಳು ಅವಳು. ಯೂದನ ಹಸಿರು ಮೇಲುಹೊದಿಕೆಗೂ ಸಿಮೋನನ ಕೆಂಪು ಅಂಗಿಗೂ ಅಂಚು ಎಳೆದವಳೂ ಅವಳೇ. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಹೊಸ್ತಿಲು ದಾಟಿ ಹೋದ ಎಲ್ಲ ದೇವರ ಮೈಮೇಲೂ ಅವಳ ಕೈ ಆಡಿದೆ. ಕಣ್ಣೊಂದನ್ನು ಬಿಟ್ಟು. ಕಣ್ಣು ತೆರೆಸುವುದು ಮನೆಯ ಗಂಡಸರ ಕೆಲಸ, ಅದರಲ್ಲೂ ಹಿರಿಯರದ್ದು. ಹೆಂಗಸು ಆ ಹೊತ್ತಿಗೆ ಕನ್ನಡಿ ಹಿಡಿದು ನಿಲ್ಲಬಹುದು, ಅಷ್ಟೇ. ಅದೂ ಅತ್ತೆ ಬಿಟ್ಟುಕೊಟ್ಟರೆ.

ಶೈಲಜಾಗೆ ಬೇಕಾಗಿದ್ದದ್ದು ಅದೊಂದೇ. ಬಂಗಾರ ಕೇಳಿದವಳಲ್ಲ, ಸೀರೆಗೆ ಹಟ ಮಾಡಿದವಳಲ್ಲ. ಒಂದು ಮೂರ್ತಿಯ ಕಣ್ಣು ತನ್ನ ಕುಂಚದ ತುದಿಯಲ್ಲಿ ತೆರೆಯಬೇಕು ಎಂದು ಒಳಗೊಳಗೇ ಒದ್ದಾಡುತ್ತಿದ್ದಳು. ಆಟಿಕೆಯ ಗಿಳಿಗಳಿಗೆ ಅವಳು ಬರೆದ ಕಣ್ಣಿಗೆ ಲೆಕ್ಕವಿಲ್ಲ. ಗಿಳಿಗೆ ಪದ್ಧತಿ ಇಲ್ಲ ನೋಡಿ, ಯಾರು ಬೇಕಾದರೂ ಕಣ್ಣು ಕೊಡಬಹುದು. ಮಕ್ಕಳು ಆ ಗಿಳಿಗಳನ್ನು ಎತ್ತಿಕೊಂಡು ಸೀದಾ ಮಾತಾಡಿಸಲಿಕ್ಕೆ ಶುರು ಮಾಡುತ್ತಿದ್ದವು. ಅದನ್ನು ಕಂಡ ಮೇಲೂ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಸುಮ್ಮನಿದ್ದವರಿಗೇ ಗೊತ್ತು.

ಅವಳ ಗಂಡ ಕೊಟ್ರೇಶ ಕೆತ್ತನೆಗೆ ಕೂತರೆ ಕಟ್ಟಿಗೆ ಬೆಣ್ಣೆಯಾಗುತ್ತದೆ. ಕಣ್ಣಿಗೆ ಕೂತರೆ ಮಾತ್ರ ದೇವರೇ ಗತಿ, ಅದರಲ್ಲೂ ಆ ದೇವರಿಗೇ ಗತಿ ಇಲ್ಲ. ಒಮ್ಮೆ ಅವನು ಬರೆದ ನಂದಿಯೊಂದು ಯಾವುದೋ ಹಳ್ಳಿಯ ಗುಡಿಯಲ್ಲಿ ಇವತ್ತಿಗೂ ಒಂದು ಕಣ್ಣಿನಿಂದ ಶಿವನನ್ನೂ ಇನ್ನೊಂದರಿಂದ ಪೂಜಾರಿಯ ತಟ್ಟೆಯನ್ನೂ ನೋಡುತ್ತ ಕೂತಿದೆ. ಆಮೇಲೆ ಅವನು ಕಣ್ಣಿಗೆ ಕುಂಚ ಹಚ್ಚಲಿಲ್ಲ, ಹಚ್ಚಲು ಯಾರೂ ಬಿಡಲೂ ಇಲ್ಲ. ಉಳಿದವರು ಮಾವ ಯಂಕೋಬಪ್ಪ ಒಬ್ಬರೇ. ಅವರ ಬಲಗೈ ಹೋದ ಬೇಸಿಗೆಯಿಂದ ನಡುಗುತ್ತಿತ್ತು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಅವರಿಗೆ ಚಹಾ ಕೊಡುವಾಗ ಲೋಟದಲ್ಲಿ ಅರ್ಧಕ್ಕಷ್ಟೇ ಹಾಕುತ್ತಿದ್ದರು.

ಸಂತರ ಹಬ್ಬ ಹತ್ತಿರ ಬಂದಾಗ ಕ್ಯಾಂಪಿನ ಉಪದೇಶಿ ಇನ್ನಾಸಪ್ಪ ಬಸ್ಸಿಳಿದು ಬಂದರು. ಫಾದರ್ ಬಾರದ ವಾರಗಳಲ್ಲಿ ಗುಡಿಯಲ್ಲಿ ಪ್ರಾರ್ಥನೆ ನಡೆಸುವವರು ಅವರೇ. ಚರ್ಚಿಗೂ ಅಲ್ಲಿಯ ಮಂದಿ ಗುಡಿ ಎಂದೇ ಕರೆಯುವುದು. ಅಲ್ಲಿದ್ದ ಹಳೆಯ ಪಟವನ್ನು ಗೆದ್ದಲು ತಿಂದಿತ್ತು. ಕೊಪ್ಪಳದ ವಸ್ತುಪ್ರದರ್ಶನದಲ್ಲಿ ಕಿನ್ನಾಳದ ಕೆಲಸ ನೋಡಿ ಮನಸೋತ ಇನ್ನಾಸಪ್ಪ ಕೆಲವು ತಿಂಗಳ ಹಿಂದೆ ಬಂದು, "ಇಬ್ಬರಿಗೂ ಒಂದ ದಿನ ಹಬ್ಬ ರೀ, ಅಕ್ಟೋಬರ್ ಇಪ್ಪತ್ತೆಂಟಕ್ಕ. ಜೋಡಿ ಮಾಡಿ ಕೊಡ್ರಿ" ಎಂದು ಹೇಳಿ ಹೋಗಿದ್ದರು.

ಕೊಟ್ರೇಶ ಸಂತರನ್ನು ಈ ಕಡೆ ತಿರುಗಿಸಿದ. ಇನ್ನಾಸಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ಯೂದ ಕೂತ ಆಳಿನಷ್ಟು ಎತ್ತರ ನಿಂತಿದ್ದ. ಸಿಮೋನ ಅವನ ಎದೆಮಟ್ಟಕ್ಕೆ ಬರುತ್ತಿದ್ದ. ಇಬ್ಬರಿಗೂ ವೀರಭದ್ರನ ಹಾಗೆ ಹುರಿ ಮಾಡಿದ ಮೀಸೆ. ಸಾಲದ್ದಕ್ಕೆ ಸಿಮೋನನ ಹಣೆಯ ಮೇಲೆ ಚೆಂದದ್ದೊಂದು ಕುಂಕುಮದ ಬೊಟ್ಟು.

"ಇದ್ಯಾಕ್ರಿ ಈಂವ ಇಷ್ಟ ಗಿಡ್ಡ ಅದಾನ?" ಎಂದರು ಇನ್ನಾಸಪ್ಪ.

"ತಮ್ಮ ಅಲ್ಲೇನ್ರಿ?" ಯಂಕೋಬಪ್ಪ ಕೇಳಿದರು. "ಒಂದ ದಿನ ಹಬ್ಬ ಅಂದ್ರಿ. ಒಂದ ದಿನ ಹಬ್ಬ ಇದ್ದವರು ಒಂದೋ ಗಂಡಹೆಂಡತಿ ಇರಬೇಕು, ಇಲ್ಲಾ ಅಣ್ಣತಮ್ಮ ಇರಬೇಕು. ಇಬ್ಬರೂ ಗಂಡಸ್ರು ಅಂತ ನೀವ ಹೇಳಿದ್ರಿ. ಯೂದನ ಹತ್ರ ಮಂದಿ ಭಾಳ ಬರ್ತಾರ ಅಂದ್ರಿ, ಅದಕ್ಕ ಅವನ್ನ ಅಣ್ಣ ಮಾಡಿದ್ವಿ."

"ಅಯ್ಯೋ, ಅಣ್ಣತಮ್ಮ ಅಲ್ರಿ! ಸ್ನೇಹಿತರು!"

"ಸ್ನೇಹಿತರಿಗೆ ಒಂದ ದಿನ ಹಬ್ಬ ಮಾಡ್ತಾರೇನ್ರಿ ನಿಮ್ಮಾಗ?" ಎಂದು ಅತ್ತೆ ವಿರೂಪಾಕ್ಷಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಸ್ವಲ್ಪ ಯೋಚಿಸಿ, "ಛಲೋ ಐತಿ ಬಿಡ್ರಿ ಅದು" ಎಂದಳು.

ಹೊಸದಾಗಿ ಕೆತ್ತಲು ಹೊತ್ತಿರಲಿಲ್ಲ. ಬೊಟ್ಟನ್ನು ಒರೆಸುವುದೆಂದಾಯಿತು, ಬೋಳು ಹಣೆ ನೋಡಲಾರದೆ ಕೈ ತಾನಾಗೇ ಇಟ್ಟುಬಿಟ್ಟಿತ್ತು ಎಂದು ಕೊಟ್ರೇಶ ತಲೆ ಕೆರೆದುಕೊಂಡ. ಮೀಸೆ ಇರಲಿ, ಅದರಿಂದ ಮಂದಿಗೆ ತಮ್ಮವರೆನ್ನಿಸುತ್ತದೆ ಎಂದು ಇನ್ನಾಸಪ್ಪನೇ ಬಿಟ್ಟುಕೊಟ್ಟರು. ಸಿಮೋನನ ಕೈಯಲ್ಲಿದ್ದ ಗರಗಸದ ಮೇಲೆ ಮಾತ್ರ ಇನ್ನೊಂದು ಸುತ್ತು ಮಾತು ನಡೆಯಿತು. ಗರಗಸ ಇರಬೇಕೆಂದು ಕೇಳಿದಾಗಿನಿಂದ ಯಂಕೋಬಪ್ಪನಿಗೆ ಸಿಮೋನ ತಮ್ಮದೇ ಕಸುಬಿನವನೆಂಬ ಹಿಗ್ಗು. ಆ ಗರಗಸದಿಂದಲೇ ಅವನನ್ನು ಕೊಯ್ದು ಕೊಂದರಂತೆ ಎಂದು ಈಗ ಗೊತ್ತಾಗಿ ಮುಖ ಸಪ್ಪಗಾಯಿತು.

"ಕೊಂದದ್ದನ್ನ ಅವನ ಕೈಯಾಗ ಕೊಟ್ಟೀರಿ?" ವಿರೂಪಾಕ್ಷಮ್ಮ ಸಿಟ್ಟಾದಳು.

"ದೇವಿ ಕೈಯಾಗ ರಾಕ್ಷಸನ ತಲಿ ಇರತೈತಲ್ಲವಾ, ಹಂಗ ತಿಳೀರಿ. ಗೆದ್ದಾವ ಹಿಡಕೊಂಡು ನಿಂತಾನ," ಎಂದರು ಇನ್ನಾಸಪ್ಪ.

ಅವಳಿಗೆ ಅದು ಒಪ್ಪಿಗೆಯಾಯಿತು. ಮುಂದಿನದು ಕಥೆ. ಯಾರ ಕಣ್ಣು ಬರೆಯಬೇಕೋ ಅವರ ಕಥೆಯನ್ನು ಹುಟ್ಟಿದಾಗಿನಿಂದ ಕೇಳಬೇಕು, ಏನೇನು ಕಂಡ ಕಣ್ಣು ಎಂದು ತಿಳಿಯದೆ ಕುಂಚ ಅದ್ದಬಾರದು ಎಂಬುದು ಯಂಕೋಬಪ್ಪನ ನೇಮ. ದೇವಿಯ ಕಥೆಯಾದರೆ ದಿನಗಟ್ಟಲೆ ನಡೆಯುತ್ತಿತ್ತು. ಈ ಸಲ ಚಾಪೆ ಹಾಸಿ, ಎಲೆ ಅಡಿಕೆ ಇಟ್ಟು, ಎಲ್ಲರೂ ಗೋಡೆಗೆ ಒರಗಿ ಕೂತರು. ಇನ್ನಾಸಪ್ಪ ಕೆಮ್ಮಿದರು.

"ಇಬ್ಬರೂ ಯೇಸುಸ್ವಾಮಿಯ ಹನ್ನೆರಡು ಶಿಷ್ಯರೊಳಗಿನವರು. ಯೂದ ಅನ್ನೋ ಹೆಸರು ಇನ್ನೊಬ್ಬಂದೂ ಇತ್ತು, ಸ್ವಾಮೀನ್ನ ಹಿಡಕೊಟ್ಟಾವಂದು. ಆ ಹೆಸರಿಗಂಜಿ ಈ ಪಾಪದಾವನ ಹತ್ರ ಭಾಳ ದಿನ ಯಾರೂ ಹೋಗಲಿಲ್ಲಂತ. ಎಲ್ಲಾ ಸಂತರನ್ನ ಕೇಳಿ ಕೈಸೋತವರು ಕಡೀಕ ಇವನ ಹತ್ರ ಬಂದ್ರು. ಖಾಲಿ ಕುಂತಿದ್ನಲ್ಲ, ಎಲ್ಲಾರ ಕೆಲಸಾನೂ ಮಾಡಿಕೊಟ್ಟ. ಈಗ ಗುರುವಾರ ಬಂತಂದ್ರ ಕಾಲಿಡಾಕ ಜಾಗಿಲ್ಲ. ಹಿಂದೂ, ಸಾಬರು, ಎಲ್ಲಾರೂ ಬರ್ತಾರ."

"ಮತ್ತ ಸಿಮೋನ?" ಯಂಕೋಬಪ್ಪ ಕೇಳಿದರು.

"ಸಿಮೋನ..." ಇನ್ನಾಸಪ್ಪ ಮೇಲೆ ನೋಡಿದರು, ಕೆಳಗೆ ನೋಡಿದರು. "ಅಂವನೂ ಇದ್ದ ರೀ."

ಚಹಾ ಇನ್ನೂ ಆರಿರಲಿಲ್ಲ, ಕಥೆ ಮುಗಿದಿತ್ತು. ಆಮೇಲೆ ಇಬ್ಬರೂ ಪರ್ಶಿಯಾ ದೇಶಕ್ಕೆ ಕೂಡಿ ಹೋದರಂತೆ, ಕೂಡಿಯೇ ಸತ್ತರಂತೆ, ಅದಕ್ಕೇ ಒಂದೇ ದಿನ ಹಬ್ಬ ಎಂದು ಸೇರಿಸಿದರು. ಯಂಕೋಬಪ್ಪನಿಗೆ ಚಿಂತೆ ಹತ್ತಿತು. ಇಷ್ಟರಲ್ಲಿ ಯಾವ ಕಣ್ಣು ಬರೆಯುವುದು?

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಜಾ ಬಾಯಿ ಬಿಟ್ಟಳು. "ಏನೇನ ಮಾತಾಡ್ಯಾರ್ರಿ ಅವರು?"

ವಿರೂಪಾಕ್ಷಮ್ಮ ಕಣ್ಣು ದೊಡ್ಡದು ಮಾಡಿದಳು. ಇನ್ನಾಸಪ್ಪ ಮಾತ್ರ ಖುಷಿಯಾದರು, ಇದಕ್ಕೆ ಅವರ ಹತ್ತಿರ ಉತ್ತರವಿತ್ತು. "ಯೂದ ಒಂದ ಮಾತು ಕೇಳ್ಯಾನ ತಂಗೀ. ಕಡೀ ಊಟದಾಗ. ಸ್ವಾಮೀ, ನಮ್ಮಷ್ಟಕ್ಕ ಯಾಕ ಕಾಣಸ್ತಿ, ಊರಿಗೆಲ್ಲಾ ಯಾಕ ಕಾಣಿಸಬಾರದು ಅಂತ."

"ಮತ್ತ ಇನ್ನೊಬ್ರು?"

"ಸಿಮೋನ ಏನೂ ಅಂದಿಲ್ಲ. ಗ್ರಂಥದಾಗ ಹೆಸರೈತಿ, ಮಾತಿಲ್ಲ. ಒಂದೂ ಇಲ್ಲ."

"ಹಂಗಾರ ಎಲ್ಲಾ ಕೇಳಿಸಿಕೊಂಡಾನ," ಎಂದಳು ಶೈಲಜಾ. ಅವಳಿಗೆ ಹಾಗೆ ಹೇಳಬೇಕೆಂದೇನೂ ಇರಲಿಲ್ಲ, ಬಂದುಬಿಟ್ಟಿತು. ಹೇಳಿ ಒಳಗೆ ಹೋದಳು. ಆದರೆ ಯಂಕೋಬಪ್ಪ ಬಾಗಿಲ ಕಡೆ ತಿರುಗಿ ಸುಮಾರು ಹೊತ್ತು ನೋಡಿದರು.

ಮರುದಿನ ಬೆಳಿಗ್ಗೆ ಅವರು ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲೇ ಮೂರ್ತಿಗಳ ಮುಂದೆ ಕೂತರು. ಬಾಗಿಲಿಂದ ಒಳ್ಳೆಯ ಬೆಳಕು ಬೀಳುತ್ತಿತ್ತು. ವಿರೂಪಾಕ್ಷಮ್ಮ ಕನ್ನಡಿ ಹಿಡಿದಿದ್ದಳು. ತೆರೆದ ಕಣ್ಣಿನ ಮೊದಲ ನೋಟ ಕನ್ನಡಿಯಲ್ಲಿ ಕಾಣುವ ಆ ಮೂರ್ತಿಯ ಮೇಲೆಯೇ ಬೀಳಬೇಕು, ಬೇರೆಯವರ ಮೇಲಲ್ಲ. ಜೋಡಿ ಮೂರ್ತಿಯಾದರೆ ಒಮ್ಮೆ ಕೂತರೆ ಏಳುವುದರೊಳಗೆ ಇಬ್ಬರ ಕಣ್ಣೂ ಮುಗಿಯಬೇಕು.

ಮೊದಲು ಯೂದ. ಯಂಕೋಬಪ್ಪ ಎಡಗೈಯಿಂದ ಬಲ ಮಣಿಕಟ್ಟನ್ನು ಗಟ್ಟಿ ಹಿಡಿದು, ಉಸಿರು ಬಿಗಿಹಿಡಿದು ಬರೆದರು. ಹುಬ್ಬು ತುಸು ಮೇಲೆ, ಕರಿಗುಡ್ಡೆ ತುಸು ಎತ್ತರದಲ್ಲಿ, ಏನನ್ನೋ ಕೇಳಲು ಬಾಯಿ ತೆರೆಯುವವನ ಕಣ್ಣು. ಚೆನ್ನಾಗಿತ್ತು. ಆದರೆ ಅದಕ್ಕೇ ಅವರ ಮೈಯೆಲ್ಲ ಬೆವೆತು ಹೋಯಿತು. ಸಿಮೋನನ ಮುಂದೆ ಜರುಗಿ ಕುಂಚ ಎತ್ತಿದರೆ ಕೈ ನಿಲ್ಲಲೇ ಇಲ್ಲ. ಕರಿ ಬಣ್ಣದ ಒಂದು ಹನಿ ಗರಗಸದ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಇಳಿಸಿದರು.

ಕೊಟ್ರೇಶ ತುಸು ಮುಂದೆ ಬಂದ.

"ನೀ ಕುಂದ್ರು," ತಂದೆ ತಾಯಿ ಇಬ್ಬರೂ ಒಟ್ಟಿಗೆ ಅಂದರು.

ಶೈಲಜಾಗೆ ಮಾವನ ಬಾಗಿದ ಬೆನ್ನು ನೋಡಿ ಕನಿಕರವಾಯಿತು, ಅದರ ಜೊತೆಗೇ ಆ ಕುಂಚ ತನ್ನ ಕೈಗೆ ಬರಲಿ ಎಂಬ ಆಸೆಯೂ ಎದ್ದಿತು. ಹಾಗೆ ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಯಂಕೋಬಪ್ಪ ತಿರುಗಿ ನೋಡದೆಯೇ ಅಂದರು:

"ಶೈಲಾ, ಕೈ ತೊಳಕೊಂಡು ಬಾ."

"ಮಾವಾರ..."

"ಅಂವ ಎಲ್ಲಾ ಕೇಳಿಸಿಕೊಂಡಾನ ಅಂದ್ಯಲ್ಲ. ನಂಗ ಅದು ಹೊಳಿಲೇ ಇಲ್ಲ. ನಿಂಗ ಗೊತ್ತಾಗೈತಿ, ನೀನ ಬರಿ."

ಅವಳು ಕೂತಳು. ಮೊದಲ ಗೆರೆ ಎಳೆಯುವವರೆಗೆ ಅತ್ತೆಯ ಬಳೆಯ ಸದ್ದೂ ಕಿವಿಗೆ ಬೀಳುತ್ತಿತ್ತು. ಎಳೆದ ಮೇಲೆ ಏನೂ ಕೇಳಿಸಲಿಲ್ಲ. ಮಾತಾಡದವನ ಕಣ್ಣು ಅವಳಿಗೆ ಹೊಸದಲ್ಲ. ಈ ಮನೆಯಲ್ಲಿ ಎಷ್ಟು ಮಾತುಗಳನ್ನು ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ, ಎಷ್ಟಕ್ಕೆ ಉತ್ತರ ನುಂಗಿದ್ದಾಳೆ! ಮೇಲಿನ ರೆಪ್ಪೆ ತುಸು ಇಳಿಸಿದಳು. ಕರಿಗುಡ್ಡೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು, ಎದುರಿದ್ದವರ ಮಾತಿಗೆ ಕಿವಿ ಕೊಟ್ಟು ಕೂತಾಗ ಆಗುತ್ತದಲ್ಲ, ಹಾಗೆ. ಕೊನೆಗೆ ಸಾಸಿವೆಯಷ್ಟು ಬಿಳಿ ಚುಕ್ಕಿ ಇಟ್ಟಳು. ಸಿಮೋನ ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡ.

ಕನ್ನಡಿ ಇಳಿಸಿದ ವಿರೂಪಾಕ್ಷಮ್ಮ ಬೆಚ್ಚಿದಳು. "ನಾ ಏನೂ ಅಂದಿಲ್ಲಪಾ," ಎಂದು ಸಿಮೋನನಿಗೇ ಹೇಳಿ ಹಿಂದೆ ಸರಿದಳು. ಕೊಟ್ರೇಶನಿಗೆ ನಗು ಬಂತು. ಅವನು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚು ಒಂದಿಷ್ಟೂ ಇರಲಿಲ್ಲ, ಅದು ಅವನ ದೊಡ್ಡ ಗುಣ.

ಯಂಕೋಬಪ್ಪ ಮೂರ್ತಿಯನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. "ಹೊರಗ ಯಾರೂ ಬಾಯಿ ಬಿಡಬ್ಯಾಡ್ರಿ," ಎಂದರು. "ಹೆಣ್ಮಗಳು ಕಣ್ಣು ಬರದಾಳಂತ ಗೊತ್ತಾದ್ರ ಯಾವ ಊರಿನವರೂ ನಮಗ ದೇವರ ಕೆಲಸ ಕೊಡಂಗಿಲ್ಲ. ಎರಡೂ ನಾನ ಬರದೀನಿ."

ಶೈಲಜಾ ತಲೆಯಾಡಿಸಿದಳು. ಕುಂಚ ತೊಳೆಯಲು ಹಿತ್ತಲಿಗೆ ಹೋದವಳಿಗೆ ಅಳು ಬಂತು. ಬೇಕಾದದ್ದು ಸಿಕ್ಕಿತ್ತು, ಸಿಕ್ಕಿದ ಗಳಿಗೆಯಲ್ಲೇ ಅದು ತನ್ನದಲ್ಲ ಎಂದು ಬರೆಸಿಕೊಂಡಂತೆಯೂ ಆಗಿತ್ತು. ಬರೆದ ಕಣ್ಣು ಬೇರೆಯವರ ಹೆಸರಿನಲ್ಲಿ ಊರೂರು ನೋಡುವುದಾದರೆ ಗಿಳಿಗಳೇ ವಾಸಿ.

ಹಬ್ಬದ ದಿನ ಮನೆಮಂದಿಯೆಲ್ಲ ಕ್ಯಾಂಪಿಗೆ ಹೋದರು. ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಸಣ್ಣ ಬಿಳಿ ಗುಡಿ, ಬಣ್ಣದ ಕಾಗದದ ತೋರಣ, ಹಿಂದೆ ಪೆಂಡಾಲಿನಲ್ಲಿ ಕೋಳಿ ಸಾರಿನ ಕೊಪ್ಪರಿಗೆ. ಗೇಣೆತ್ತರದ ಕಟ್ಟೆಯ ಮೇಲೆ ಯೂದ, ಪಕ್ಕದಲ್ಲಿ ಗಿಡ್ಡ ಸಿಮೋನ. ಮಂದಿ ಎಂದಿನಂತೆ ಯೂದನ ಮುಂದೆ ಮುಗಿಬಿದ್ದಿತ್ತು. ಮೊಂಬತ್ತಿ, ಮಲ್ಲಿಗೆ, ಪರೀಕ್ಷೆಯ ಹಾಲ್ ಟಿಕೆಟು, ಕೋರ್ಟಿನ ನೋಟಿಸು, ಎಲ್ಲವೂ ಅವನ ಕಾಲಡಿಗೆ. ಸಿಮೋನನ ಮುಂದೆ ಯಾರೂ ಇಲ್ಲ. ಶೈಲಜಾ ಕಂಬದ ಪಕ್ಕ ನಿಂತು ಅದನ್ನು ನೋಡುತ್ತಿದ್ದಳು. ತನ್ನ ಮಗುವನ್ನು ಯಾರೂ ಎತ್ತಿಕೊಳ್ಳದಿದ್ದಾಗ ಆಗುವ ಸಂಕಟ ಅವಳಿಗಾಯಿತು.

ಗಂಗಾವತಿಯ ಜುಬೇದಾಬೀ ಎಂಬ ಮುದುಕಿ ಪ್ರತಿ ಗುರುವಾರ ಬಂದು ಯೂದನಿಗೆ ತನ್ನ ಸೊಸೆ ನಾಹೀದಾಳ ಮೇಲೆ ಚಾಡಿ ಹೇಳಿ ಹೋಗುವವಳು. ಸಾಲು ಉದ್ದವಿತ್ತು, ಅವಳ ಮೊಣಕಾಲು ನೋಯುತ್ತಿತ್ತು. ತುಸು ಕೂರೋಣವೆಂದು ಸಿಮೋನನ ಮುಂದಿನ ಖಾಲಿ ಜಾಗದಲ್ಲಿ ಕುಸಿದಳು. ಗಿಡ್ಡನಾದ್ದರಿಂದ ಅವನ ಕಣ್ಣು ಕೂತವಳ ಕಣ್ಣಿಗೆ ನೇರ ಸಿಕ್ಕಿತು.

"ಅರೇ!" ಎಂದಳು ಜುಬೇದಾಬೀ. "ಈಂವ ಕೇಳಾಕತ್ತಾನ ನೋಡ್ರೀ!"

ಇನ್ನೇನು, ಶುರುವಾಯಿತು. ನಾಹೀದಾ ಸಾರಿಗೆ ಉಪ್ಪು ಹಾಕುವುದರಿಂದ ಹಿಡಿದು ಫೋನಿನಲ್ಲಿ ತವರಿಗೆ ಮಾತಾಡುವುದರವರೆಗೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಮೆತ್ತಗಾಯಿತು. "ಕೆಟ್ಟಾಕಿ ಅಲ್ಲ ಆಕಿ," ಎಂದಳು ಕೊನೆಗೆ, "ನನ್ನ ಮಾತು ಕೇಳವ್ರು ಯಾರೂ ಇಲ್ಲ, ಅಷ್ಟ." ಸೆರಗಿನಿಂದ ಕಣ್ಣೊರೆಸಿಕೊಂಡು, ತಂದ ಮೊಂಬತ್ತಿಯನ್ನು ಸಿಮೋನನ ಮುಂದೆಯೇ ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು ಕೂತಳು. ಅವಳ ಹಿಂದೆ ಮತ್ತೊಬ್ಬಳು. ಪೂಜೆ ಮುಗಿಯುವಷ್ಟರಲ್ಲಿ ಗುಡಿಯೊಳಗೆ ಎರಡು ಸಾಲಾಗಿದ್ದವು. ಇನ್ನಾಸಪ್ಪ ಮೊಂಬತ್ತಿ ತರಿಸಲು ಜನ ಕಳಿಸುತ್ತಿದ್ದರು. ಶೈಲಜಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಣಿಯಬೇಕೆನ್ನಿಸಿತು, ಅದು ನಾನು ಬರೆದ ಕಣ್ಣು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಯಂಕೋಬಪ್ಪ ಎರಡನೆಯ ಸಾಲನ್ನೇ ನೋಡುತ್ತಿದ್ದರು.

ಊಟದ ಪೆಂಡಾಲಿನಲ್ಲಿ, ಎಲೆಯ ಮುಂದೆ ಕೂತಾಗ, ತಲೆಗೆ ಬಿಳಿ ಪಟಕಾ ಸುತ್ತಿದ ಹಿರಿಯರೊಬ್ಬರು ಹುಡುಕಿಕೊಂಡು ಬಂದರು. ಬೇವೂರಿನ ದೊಡ್ಡಬಸಪ್ಪ. ಯೂದನಿಗೆ ಹೊತ್ತ ಹರಕೆ ತೀರಿಸಲು ಬಂದವರು. ತಮ್ಮ ಕಡೆಯ ಹಳ್ಳಿಯೊಂದರಲ್ಲಿ ಊರದೇವತೆ ದ್ಯಾಮವ್ವನ ಕಟ್ಟಿಗೆಯ ಮೂರ್ತಿ ಹಳೆಯದಾಗಿದೆ, ಹೊಸದು ಮಾಡಿಸಬೇಕೆಂದು ಹಿರಿಯರೆಲ್ಲ ಕೂಡಿ ತಮಗೇ ಜವಾಬ್ದಾರಿ ಒಪ್ಪಿಸಿದ್ದಾರೆ ಎಂದರು.

"ಭಾಳ ಕಡೆ ನೋಡಿದ್ನಿ, ಯಾವ ಕಣ್ಣೂ ಮನಸಿಗೆ ಬರಲಿಲ್ಲ. ಇವತ್ತು ಆ ಸಣ್ಣ ಮೂರ್ತಿ ಕಣ್ಣು ನೋಡಿದ್ನಿ ನೋಡ್ರಿ. ಆ ಕಣ್ಣು ಬರದ ಕೈ ಬೇಕು ನಮ್ಮ ದ್ಯಾಮವ್ವಗ. ನಿಮ್ಮ ಕೈಯ ಅಲ್ಲೇನ್ರಿ ಅದು?"

ಯಂಕೋಬಪ್ಪನ ಕೈಯಲ್ಲಿ ಅನ್ನದ ತುತ್ತು ಇತ್ತು. ಅದು ನಡುಗುತ್ತಿತ್ತು. ದ್ಯಾಮವ್ವ ಎಂದರೆ ಸಣ್ಣ ಕೆಲಸವಲ್ಲ, ಚಿತ್ರಗಾರರ ಮನೆಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಹೂಂ ಎಂದರೆ ಮುಗಿಯಿತು. ಶೈಲಜಾ ತಲೆ ತಗ್ಗಿಸಿ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಸರಿಸುತ್ತಿದ್ದಳು. ಅವರು ಹೂಂ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅನ್ನಲಿ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

ಯಂಕೋಬಪ್ಪ ತುತ್ತನ್ನು ಎಲೆಗೆ ಇಳಿಸಿದರು. "ದೊಡ್ಡ ಮೂರ್ತಿ ಕಣ್ಣು ನಂದು," ಎಂದರು. "ಸಣ್ಣದು ನಂದಲ್ರಿ. ನಮ್ಮ ಸೊಸಿ ಬರದಾಳ."

ಕೊಟ್ರೇಶ ಬಾಯಲ್ಲಿದ್ದದ್ದನ್ನು ಅಗಿಯುವುದು ಮರೆತ. ದೊಡ್ಡಬಸಪ್ಪನವರ ಹುಬ್ಬು ಗಂಟಾಯಿತು. "ಹೆಣ್ಮಗಳು? ಊರಾಗ ಏನಂತಾರೋ ಏನೋ ರೀ. ಹಂಗಾರ ನೀವ ಬರದುಕೊಡ್ರಿ, ಅಕೀ ಬಾಜೂಕ ಕುಂತು ಹೇಳಲಿ."

"ಇಲ್ರಿ. ನನ್ನ ಕೈ ಮುಗೀತು." ಅವರು ನಡುಗುವ ಕೈಯನ್ನು ಎತ್ತಿ ತೋರಿಸಿದರು. ಇಷ್ಟು ದಿನ ಧೋತರದ ಮಡಿಕೆಯಲ್ಲಿ ಮುಚ್ಚಿಟ್ಟ ಕೈ ಅದು. "ಇನ್ನ ಮ್ಯಾಲ ನಮ್ಮ ಮನ್ಯಾಗ ಕಣ್ಣು ಬರಿಯಾಕಿ ಅಕೀ. ಬೇಕಾದ್ರ ಅಕೀನ್ನ ಕೇಳ್ರಿ, ಬ್ಯಾಡಾದ್ರ ಬ್ಯಾರೆ ಮನಿ ನೋಡ್ರಿ. ನಂಗ ಸಿಟ್ಟಿಲ್ಲ."

ವಿರೂಪಾಕ್ಷಮ್ಮ ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಸೊಸೆಯ ಎಲೆಗೆ ಇನ್ನೊಂದು ಸೌಟು ಸಾರು ಹಾಕಿಸಿದಳು. ಶೈಲಜಾಗೆ ಕಣ್ಣು ಮಂಜಾಗಿ ಅನ್ನ ಯಾವುದು, ಸಾರು ಯಾವುದು ತಿಳಿಯದಾಯಿತು. ದ್ಯಾಮವ್ವ ಬರಲಿ ಬಿಡಲಿ, ಅವಳಿಗೆ ಬರಬೇಕಾದದ್ದು ಬಂದಿತ್ತು.

ದೊಡ್ಡಬಸಪ್ಪ ಪೆಂಡಾಲಿನ ಸಂದಿನಿಂದ ಗುಡಿಯೊಳಗೆ ನೋಡಿದರು. ಎರಡನೆಯ ಸಾಲು ಇನ್ನೂ ಕರಗಿರಲಿಲ್ಲ. ಅವರು ಯಂಕೋಬಪ್ಪನನ್ನು ಬಿಟ್ಟು, ಮೊದಲ ಸಲ ನೇರ ಶೈಲಜಾಳ ಕಡೆ ತಿರುಗಿದರು.

"ನಮ್ಮ ದ್ಯಾಮವ್ವ ಭಾಳ ಸಿಟ್ಟಿನಾಕಿ ಅದಾಳ ತಂಗೀ," ಎಂದರು. "ಈ ಸಂತನಂಗ ಸುಮ್ಮ ಕುಂದ್ರಾಕಿ ಅಲ್ಲ. ಆಕಿ ಕಣ್ಣಾಗ ಬೆಂಕಿ ಬೇಕು. ತರ್ತೀಯೇನು ಅಷ್ಟು ಸಿಟ್ಟು?"

ಶೈಲಜಾ ತಲೆ ಎತ್ತಿದಳು.

"ತರ್ತೀನ್ರಿ ಅಜ್ಜಾ. ಮದುವಿ ಆಗಿ ಬಂದಾಗಿಂದ ಕೂಡಿಸಿಟ್ಟೀನಿ."

ಪೆಂಡಾಲಿನಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ವಿರೂಪಾಕ್ಷಮ್ಮ.